ಪರವೂರಿನಲ್ಲಿ ಒಂದು ಖೋಲಿ

ಗದಗ ಜಿಲ್ಲೆಯ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ತಾಲ್ಲೂಕುಗಳ ಹಳ್ಳಿ ಮತ್ತು ತಾಂಡಾಗಳಲ್ಲಿ ಸುಗ್ಗಿ ಮುಗಿದ ಮೇಲೆ ಬೀಗ ಬಿದ್ದ ಮನೆಗಳು ಕಣ್ಣಿಗೆ ಬೀಳುತ್ತವೆ. ಕಟ್ಟೆಯ ಮೇಲೆ ಕುಳಿತ ಹಿರಿಯರನ್ನು ವಿಚಾರಿಸಿದರೆ ದೊರೆಯುವ ಉತ್ತರ ಒಂದೇ: ‘ದುಡಿಯಾಕ ಹೋಗ್ಯಾರ್ರೀ’. ಹೋಗಿರುವುದು ಗೋವಾಕ್ಕೆ, ಮಂಗಳೂರಿಗೆ, ಬೆಂಗಳೂರಿಗೆ. ಈ ಗುಳೆಯ ಬಗ್ಗೆ ನಾವು ಸಾಕಷ್ಟು ಚರ್ಚಿಸಿದ್ದೇವೆ. ಮಳೆ ಕೈಕೊಟ್ಟದ್ದು, ನೀರಾವರಿ ಯೋಜನೆಗಳು ಕುಂಟುತ್ತಿರುವುದು, ಊರಿನಲ್ಲಿ ಕೂಲಿ ಸಾಲದಾಗಿರುವುದು, ಎಲ್ಲವೂ ವಿಧಾನಸಭೆಯ ಕಲಾಪದಲ್ಲೂ ಪತ್ರಿಕೆಗಳ ಪುಟಗಳಲ್ಲೂ ಬಂದುಹೋಗಿವೆ. ಆದರೆ ಹೀಗೆ ಹೋದವರು ಹೋದ ಊರಿನಲ್ಲಿ ರಾತ್ರಿ ಎಲ್ಲಿ ಮಲಗುತ್ತಾರೆ ಎಂಬ ಸರಳ ಪ್ರಶ್ನೆಯನ್ನು ಮಾತ್ರ ಯಾರೂ ಗಟ್ಟಿಯಾಗಿ ಕೇಳಿದಂತಿಲ್ಲ.

ಇದರಲ್ಲಿ ಒಂದು ವಿಪರ್ಯಾಸವಿದೆ. ಬೀಗ ಬಿದ್ದ ಆ ಮನೆಗಳಲ್ಲಿ ಅನೇಕವು ಆಶ್ರಯ ಯೋಜನೆಯಲ್ಲೋ ಬಸವ ವಸತಿ ಯೋಜನೆಯಲ್ಲೋ ಸರ್ಕಾರದ ನೆರವಿನಿಂದ ಎದ್ದು ನಿಂತವು. ಅಂದರೆ ದುಡಿಮೆ ಇಲ್ಲದ ಊರಿನಲ್ಲಿ ಸರ್ಕಾರ ಅವರಿಗೆ ಸ್ವಂತ ಮನೆ ಕಟ್ಟಿಕೊಟ್ಟಿದೆ. ದುಡಿಮೆ ಇರುವ ಊರಿನಲ್ಲಿ ಬಾಡಿಗೆಯ ಒಂದು ಖೋಲಿ ದೊರಕಿಸಿಕೊಡುವ ಹೊಣೆಯನ್ನು ಯಾರೂ ಹೊತ್ತಿಲ್ಲ. ನಮ್ಮ ವಸತಿ ನೀತಿಗೆ ಗೊತ್ತಿರುವುದು ಮನೆಯ ಒಡೆಯನೊಬ್ಬನೇ. ಬಾಡಿಗೆದಾರ ಅದರ ಲೆಕ್ಕದಲ್ಲಿ ಇಲ್ಲ.

ಗದಗದಂಥ ಊರಿನ ಮಧ್ಯಮ ವರ್ಗಕ್ಕೆ ಈ ಸಂಗತಿ ದೂರದ್ದೆಂದು ತೋರಬಹುದು. ವಾಸ್ತವದಲ್ಲಿ ಹಾಗಿಲ್ಲ. ಇಂದು ನಮ್ಮ ನೆರೆಹೊರೆಯ ಮನೆಗಳ ಮಕ್ಕಳು ದುಬೈ, ಲಂಡನ್, ಮ್ಯೂನಿಕ್ ನಗರಗಳಲ್ಲಿ ಓದುತ್ತಿದ್ದಾರೆ, ದುಡಿಯುತ್ತಿದ್ದಾರೆ. ಅಲ್ಲಿಂದ ಬರುವ ದೂರವಾಣಿ ಕರೆಗಳಲ್ಲಿ ಮೊದಲ ತಿಂಗಳುಗಳ ಮಾತೆಲ್ಲ ಮನೆಯದೇ. ಸಂಬಳದ ಚೀಟಿ ತೋರಿಸಿದರೂ ಜಾಮೀನುದಾರ ಬೇಕೆನ್ನುತ್ತಾರೆ. ಆ ದೇಶದಲ್ಲಿ ಸಾಲ ಮಾಡಿ ತೀರಿಸಿದ ದಾಖಲೆ ಇಲ್ಲವಾದ್ದರಿಂದ ನಂಬುವುದಿಲ್ಲ. ಹಲವು ತಿಂಗಳ ಬಾಡಿಗೆಯನ್ನು ಒಮ್ಮೆಗೇ ಕೇಳುತ್ತಾರೆ. ಮ್ಯೂನಿಕ್‌ನಲ್ಲಿ ಮನೆ ಹುಡುಕುವ ಎಂಜಿನಿಯರನಿಗೂ ವಾಸ್ಕೋದಲ್ಲಿ ಖೋಲಿ ಹುಡುಕುವ ಮುಂಡರಗಿಯ ಗೌಂಡಿಗೂ ಇರುವ ಅಂತರ ಅಗಾಧವಾದದ್ದು, ನಿಜ. ಆದರೆ ಇಬ್ಬರ ತೊಡಕಿನ ಮೂಲ ಒಂದೇ. ಇವನು ಇಂಥವನು, ನಂಬಬಹುದು ಎಂದು ಹೇಳುವವರು ಆ ಊರಿನಲ್ಲಿ ಯಾರೂ ಇಲ್ಲ. ಪರಸ್ಥಳದವನು ಬಾಡಿಗೆಯ ಜೊತೆಗೆ ತನ್ನ ಅಪರಿಚಿತತನಕ್ಕೂ ಬೆಲೆ ತೆರುತ್ತಾನೆ. ಆ ಬೆಲೆಯನ್ನು ಇಳಿಸುವ ಶಕ್ತಿ ಇರುವುದು ಕಾನೂನಿಗೆ ಮಾತ್ರ ಎಂಬುದು ನನ್ನ ವಾದ.

ಗೋವಾವನ್ನೇ ತೆಗೆದುಕೊಳ್ಳೋಣ. ಗದಗ ಜಂಕ್ಷನ್ನಿನಿಂದ ಹುಬ್ಬಳ್ಳಿ, ಲೋಂಡಾ ಮಾರ್ಗವಾಗಿ ವಾಸ್ಕೋ ತಲುಪುವ ರೈಲು ಹಾದಿ ನಮ್ಮ ಭಾಗದ ಹಲವು ತಲೆಮಾರುಗಳ ದುಡಿಮೆಯ ಹಾದಿ. ಬಂದರು, ಗಣಿ, ಕಾರ್ಖಾನೆ, ಕಟ್ಟಡ ನಿರ್ಮಾಣ, ಮೀನುಗಾರಿಕೆ ಇವೆಲ್ಲ ಕನ್ನಡಿಗರ ತೋಳ್ಬಲವನ್ನು ನೆಚ್ಚಿದ್ದವು. 2011ರ ಜನಗಣತಿಯ ಪ್ರಕಾರ ಗೋವಾದ ಜನಸಂಖ್ಯೆಯಲ್ಲಿ ಕನ್ನಡ ಮಾತೃಭಾಷೆಯವರು ಶೇ 4.6ರಷ್ಟು. ಕವಿರಾಜಮಾರ್ಗ ತಿರುಳ್ಗನ್ನಡದ ನಾಡೆಂದು ಗುರುತಿಸಿದ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಆ ಸೀಮೆಯ ಜನ ಅಲ್ಲಿ ಕೊಂಕಣಿ, ಹಿಂದಿಗಳನ್ನು ತೊದಲುತ್ತ ಮನೆ ಮಾಲೀಕನ ಮುಂದೆ ನಿಲ್ಲುತ್ತಾರೆ. ವಾಸ್ಕೋದ ಬೈನಾ ಕಡಲತೀರ, ಮಾಂಗೋರ್ ಗುಡ್ಡ, ಝುವಾರಿನಗರಗಳಲ್ಲಿ ಬೆಳೆದ ಒತ್ತೊತ್ತಾದ ವಸತಿಗಳ ಹಿಂದೆ ಇರುವುದು ಈ ಕಥೆಯೇ. ನೇರ ಮಾರ್ಗದಲ್ಲಿ ಕೈಗೆಟಕುವ ಬಾಡಿಗೆ ಮನೆ ಸಿಗದಾಗ ಜನ ಅಕ್ರಮ ನೆಲದ ಮೇಲಿನ ಖೋಲಿಯನ್ನು ಹಿಡಿಯುತ್ತಾರೆ. ಅಲ್ಲಿ ಕರಾರುಪತ್ರ ಇಲ್ಲ, ರಸೀದಿ ಇಲ್ಲ, ನಾಳೆಯ ಭರವಸೆಯೂ ಇಲ್ಲ.

2004ರ ಮಳೆಗಾಲದಲ್ಲಿ ಬೈನಾದಲ್ಲಿ ತೆರವು ಕಾರ್ಯಾಚರಣೆ ನಡೆಯಿತು. ಮುಂದೆ 2015 ಮತ್ತು 2017ರಲ್ಲಿಯೂ ಅಲ್ಲಿನ ಕನ್ನಡಿಗರ ಮನೆಗಳು ನೆಲಸಮವಾದವು. ಆಗಲೆಲ್ಲ ನಮ್ಮಲ್ಲಿ ಆಕ್ರೋಶ ವ್ಯಕ್ತವಾಯಿತು, ಮನವಿಗಳು ಹೋದವು. ಸರ್ಕಾರಿ ಜಾಗವನ್ನು ತೆರವುಗೊಳಿಸುವ ಅಧಿಕಾರ ಆ ರಾಜ್ಯಕ್ಕೆ ಇದೆಯೇ ಎಂಬುದು ಬೇರೆಯೇ ಚರ್ಚೆ. ಆದರೆ ಇಂಥ ಸಂದರ್ಭಗಳಲ್ಲಿ ಪರಿಹಾರದ ಮಾತು ಬಂದರೆ ಅದು ಮನೆ ಕಟ್ಟಿಕೊಂಡವನ ಸುತ್ತ ನಡೆಯುತ್ತದೆ. ಅದೇ ಸೂರಿನಡಿ ಬಾಡಿಗೆಗಿದ್ದವನ ಕೈಯಲ್ಲಿ ತಾನು ಅಲ್ಲಿದ್ದೆ ಎಂದು ತೋರಿಸಲು ಒಂದು ಚೀಟಿಯೂ ಇರುವುದಿಲ್ಲ. ಅವನು ಸೂರು ಕಳೆದುಕೊಂಡದ್ದು ಯಾವ ಪಟ್ಟಿಗೂ ಸೇರುವುದಿಲ್ಲ.

ದಾಖಲೆಯಿಲ್ಲದ ಬಾಡಿಗೆದಾರಿಕೆ ಎಷ್ಟು ದುರ್ಬಲ ಎಂಬುದನ್ನು 2020 ಇಡೀ ದೇಶಕ್ಕೆ ತೋರಿಸಿತು. ಲಾಕ್‌ಡೌನ್ ಆರಂಭವಾದ ಬೆನ್ನಿಗೇ, ಮಾರ್ಚ್ 29ರಂದು, ಕೇಂದ್ರ ಗೃಹ ಸಚಿವಾಲಯವು ವಲಸೆ ಕಾರ್ಮಿಕರಿಂದ ಒಂದು ತಿಂಗಳ ಬಾಡಿಗೆ ಕೇಳಬಾರದು, ಅವರನ್ನು ಮನೆ ಬಿಡಿಸಬಾರದು ಎಂದು ಆದೇಶ ಹೊರಡಿಸಿತು. ಉದ್ದೇಶ ಒಳ್ಳೆಯದೇ. ಆದರೆ ಯಾವ ಖೋಲಿಯಲ್ಲಿ ಯಾರಿದ್ದಾರೆ ಎಂಬ ದಾಖಲೆಯೇ ಇಲ್ಲದ ಕಡೆ ಆ ಆದೇಶವನ್ನು ಯಾರ ಪರವಾಗಿ, ಯಾರ ಮೇಲೆ ಜಾರಿ ಮಾಡುವುದು? ಜನ ಮೂಟೆ ಕಟ್ಟಿಕೊಂಡು ಊರಿನ ದಾರಿ ಹಿಡಿದರು.

ಅಪರಿಚಿತತನದ ಬೆಲೆ ಎಷ್ಟೆಂದು ಒಂದು ಲೆಕ್ಕ ಹಾಕಿ ನೋಡೋಣ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವುದು ಬಹುಕಾಲದ ರೂಢಿ. ತಿಂಗಳಿಗೆ 4,000 ರೂಪಾಯಿ ಬಾಡಿಗೆಯ ಖೋಲಿ ಎಂದಿಟ್ಟುಕೊಂಡರೆ ಮುಂಗಡವೇ 40,000 ರೂಪಾಯಿ. ಅಷ್ಟು ಗಂಟು ಇದ್ದವನು ಗುಳೆ ಏಕೆ ಹೋಗುತ್ತಾನೆ? ಊರಿನಲ್ಲಿ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿಯಂತೆ ಕೈಸಾಲ ತಂದರೆ ಬಡ್ಡಿಯೇ 1,200 ರೂಪಾಯಿ. ಅಲ್ಲಿಗೆ 4,000 ರೂಪಾಯಿಯ ಖೋಲಿಯ ನಿಜವಾದ ಬಾಡಿಗೆ 5,200. ಮುಂಗಡ ಎರಡು ತಿಂಗಳಿಗೆ ಸೀಮಿತವಾಗಿದ್ದರೆ ಬಡ್ಡಿ 240 ರೂಪಾಯಿಗೆ ಇಳಿಯುತ್ತಿತ್ತು. ಬಾಡಿಗೆಯನ್ನು ಒಂದು ರೂಪಾಯಿ ಕೂಡ ತಗ್ಗಿಸದೆ, ಬೊಕ್ಕಸದಿಂದ ಬಿಡಿಗಾಸೂ ಖರ್ಚು ಮಾಡದೆ, ಬಡವನ ವಸತಿ ವೆಚ್ಚದಲ್ಲಿ ತಿಂಗಳಿಗೆ 960 ರೂಪಾಯಿ ಉಳಿಸಬಹುದು.

ಹಾಗೆಂದು ಮನೆ ಮಾಲೀಕರನ್ನು ಖಳರನ್ನಾಗಿ ಚಿತ್ರಿಸುವುದು ನ್ಯಾಯವಲ್ಲ. ಅವರ ಅಂಜಿಕೆಗೆ ಇತಿಹಾಸವಿದೆ. ನಮ್ಮ ಭಾಗ ಮುಂಬಯಿ ಪ್ರಾಂತ್ಯದಲ್ಲಿದ್ದಾಗ 1947ರ ಬಾಡಿಗೆ ಕಾಯ್ದೆ ಬಂತು. ಏಕೀಕರಣದ ನಂತರ 1961ರ ಬಾಡಿಗೆ ನಿಯಂತ್ರಣ ಕಾಯ್ದೆ. ಇವುಗಳ ಆಶಯ ಬಾಡಿಗೆದಾರನ ರಕ್ಷಣೆಯಾದರೂ ಪರಿಣಾಮದಲ್ಲಿ ಬಾಡಿಗೆ ಹೆಪ್ಪುಗಟ್ಟಿತು, ಬಿಡಿಸುವ ದಾವೆಗಳು ತಲೆಮಾರು ದಾಟಿದವು. ಹಳೆಯ ಪೇಟೆಗಳಲ್ಲಿ ಅಜ್ಜ ಕೊಟ್ಟ ಮನೆಯನ್ನು ಮೊಮ್ಮಗ ಬಿಡಿಸಿಕೊಳ್ಳಲಾಗದ ಪ್ರಸಂಗಗಳು ಅಪರೂಪವಲ್ಲ. ಬಾಡಿಗೆಗೆ ಕೊಟ್ಟರೆ ಮನೆ ಕೈತಪ್ಪುತ್ತದೆ ಎಂಬ ಭಯ ಬೇರೂರಿತು. 2017-18ರ ಆರ್ಥಿಕ ಸಮೀಕ್ಷೆ ಇದರ ಫಲವನ್ನು ಅಂಕಿಗಳಲ್ಲಿ ಮುಂದಿಟ್ಟಿದೆ: ಭಾರತದ ನಗರಗಳಲ್ಲಿ 1961ರಲ್ಲಿ ಶೇ 54ರಷ್ಟಿದ್ದ ಬಾಡಿಗೆ ವಸತಿಯ ಪ್ರಮಾಣ 2011ರ ವೇಳೆಗೆ ಶೇ 28ಕ್ಕೆ ಕುಸಿದಿತ್ತು. 2011ರ ಜನಗಣತಿಯಲ್ಲಿ ದೇಶದ ನಗರಗಳಲ್ಲಿ ಖಾಲಿ ಬಿದ್ದಿದ್ದ ಮನೆಗಳ ಸಂಖ್ಯೆ 1.1 ಕೋಟಿ. ಅದರ ಮರುವರ್ಷ, 2012ರಲ್ಲಿ, ಕೇಂದ್ರ ಸರ್ಕಾರದ ತಾಂತ್ರಿಕ ತಂಡವೊಂದು ನಗರಗಳಲ್ಲಿ 1.88 ಕೋಟಿ ಮನೆಗಳ ಕೊರತೆ ಇದೆಯೆಂದು ಅಂದಾಜಿಸಿತು. ಒಂದೆಡೆ ಬೀಗ, ಇನ್ನೊಂದೆಡೆ ಬೀದಿ. ನಡುವೆ ಇಲ್ಲದಿರುವುದು ನಂಬಿಕೆ.

ಕರ್ನಾಟಕದಲ್ಲಿ 1999ರ ಬಾಡಿಗೆ ಕಾಯ್ದೆ 2001ರ ಕೊನೆಗೆ ಜಾರಿಗೆ ಬಂದು ಹಳೆಯ ಕಾಯ್ದೆಯ ಸ್ಥಾನವನ್ನು ತುಂಬಿತು. ಆದರೆ ಅದು ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚು, ಉಳಿದೆಡೆ 2,000 ರೂಪಾಯಿಗಿಂತ ಹೆಚ್ಚು ಬಾಡಿಗೆಯ ಮನೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಅಂದಿಗೆ ಅದು ಸಿರಿವಂತರ ಮನೆಯ ಬಾಡಿಗೆ; ಇಂದು ಕಾರ್ಮಿಕನ ಖೋಲಿಯ ಬಾಡಿಗೆಯೂ ಅದನ್ನು ಮೀರುತ್ತದೆ. ಈ ವ್ಯಾಪ್ತಿಯ ಹೊರಗುಳಿದವರಿಗೆ ಬೇರೆ ಕರಾರು ಇಲ್ಲದಿದ್ದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಗತಿ. ಅದರಡಿ ತಿಂಗಳ ಬಾಡಿಗೆಯವನನ್ನು ಬಿಡಿಸಲು ಹದಿನೈದು ದಿನಗಳ ನೋಟಿಸು ಸಾಕು. ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಬೇಕೆಂಬ ನಿಯಮವನ್ನು ತಪ್ಪಿಸಿಕೊಳ್ಳಲು ಹುಟ್ಟಿದ ಹನ್ನೊಂದು ತಿಂಗಳ ಕರಾರುಪತ್ರ ನಮ್ಮೆಲ್ಲರಿಗೂ ಪರಿಚಿತ. ಗುಳೆ ಹೋದವನಿಗೆ ಅದೂ ಇಲ್ಲ.

ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಈ ಗಂಟನ್ನು ಬಿಡಿಸುವ ಪ್ರಾಮಾಣಿಕ ಯತ್ನ ಎಂದು ನಾನು ಭಾವಿಸುತ್ತೇನೆ. ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚಿನ ಮುಂಗಡ ಕೂಡದು, ಕರಾರು ಲಿಖಿತವಾಗಿರಬೇಕು, ಅದನ್ನು ಬಾಡಿಗೆ ಪ್ರಾಧಿಕಾರಕ್ಕೆ ತಿಳಿಸಬೇಕು. ಮಾಲೀಕನಿಗೂ ಅಲ್ಲಿ ಅಭಯವಿದೆ: ಅವಧಿ ಮುಗಿದರೂ ಜಾಗ ಬಿಡದವನು ಮೊದಲ ಎರಡು ತಿಂಗಳು ಎರಡು ಪಟ್ಟು, ಆನಂತರ ನಾಲ್ಕು ಪಟ್ಟು ಬಾಡಿಗೆ ತೆರಬೇಕು. ಇದನ್ನು ಅಳವಡಿಸಿಕೊಳ್ಳುವುದು ರಾಜ್ಯಗಳ ವಿವೇಚನೆಗೆ ಬಿಟ್ಟ ವಿಷಯ. ಉತ್ತರಪ್ರದೇಶ, ಅಸ್ಸಾಂಗಳು 2021ರಲ್ಲೇ ಹೊಸ ಬಾಡಿಗೆ ಕಾಯ್ದೆಗಳನ್ನು ತಂದವು. ದೇಶದ ನಾನಾ ಭಾಗಗಳ ಯುವಜನರನ್ನು ಕೈಬೀಸಿ ಕರೆಯುವ ಬೆಂಗಳೂರನ್ನು ಹೊಂದಿರುವ ಕರ್ನಾಟಕ ಈ ವಿಷಯದಲ್ಲಿ ಎಲ್ಲರಿಗಿಂತ ಮುಂದಿರಬೇಕಿತ್ತು.

ಹೊರದೇಶಗಳ ಅನುಭವವೂ ಇದನ್ನೇ ಸೂಚಿಸುತ್ತದೆ. ಜರ್ಮನಿಯಲ್ಲಿ ಮುಂಗಡ ಮೂರು ತಿಂಗಳ ಮೂಲ ಬಾಡಿಗೆಯನ್ನು ಮೀರುವಂತಿಲ್ಲ. ಅದನ್ನು ಮೂರು ಕಂತುಗಳಲ್ಲಿ ಕೊಡುವ ಹಕ್ಕು ಬಾಡಿಗೆದಾರನಿಗಿದೆ. ಮಾಲೀಕ ಆ ಹಣವನ್ನು ತನ್ನ ಸ್ವಂತ ಹಣದೊಡನೆ ಬೆರೆಸುವಂತಿಲ್ಲ. ಇಂಗ್ಲೆಂಡಿನಲ್ಲಿ 2007ರಿಂದ ಮುಂಗಡವನ್ನು ಸರ್ಕಾರ ಒಪ್ಪಿದ ರಕ್ಷಣಾ ವ್ಯವಸ್ಥೆಯೊಂದರಡಿ ತರುವುದು ಕಡ್ಡಾಯ. 2019ರಿಂದ ಸಾಮಾನ್ಯ ಮನೆಗಳಿಗೆ ಐದು ವಾರಗಳ ಬಾಡಿಗೆಯೇ ಅದರ ಮಿತಿ. ದುಬೈಯಲ್ಲಿ ವರ್ಷದ ಬಾಡಿಗೆಯನ್ನು ಮುಂದಿನ ದಿನಾಂಕಗಳ ಕೆಲವೇ ಚೆಕ್‌ಗಳಲ್ಲಿ ಕೊಡಬೇಕಾದ ರೂಢಿ ಹೊಸಬರ ಉಸಿರು ಕಟ್ಟಿಸುತ್ತದೆ. ಆದರೆ ಅಲ್ಲಿಯೂ ‘ಎಜಾರಿ’ ಎಂಬ ವ್ಯವಸ್ಥೆಯಲ್ಲಿ ಕರಾರು ನೋಂದಣಿಯಾಗಲೇಬೇಕು. ಈ ದೇಶಗಳಲ್ಲಿ ಬಾಡಿಗೆ ಅಗ್ಗವೆಂದು ಯಾರೂ ಹೇಳಲಾರರು. ಆದರೆ ಯಾರ ಪರಿಚಯವೂ ಇಲ್ಲದವನ ಕೈಗೆ ಅಲ್ಲಿನ ಕಾನೂನು ಒಂದು ಕಾಗದವನ್ನಾದರೂ ಕೊಡುತ್ತದೆ.

ಅಲ್ಲಿಂದ ಕಲಿಯಬೇಕಾದ ಎಚ್ಚರಿಕೆಯ ಪಾಠವೂ ಉಂಟು. ಬಾಡಿಗೆಗೆ ಬರುವ ವಿದೇಶಿಯ ವಲಸೆ ದಾಖಲೆಗಳನ್ನು ಮಾಲೀಕನೇ ಪರಿಶೀಲಿಸಬೇಕೆಂಬ ನಿಯಮ 2016ರಲ್ಲಿ ಇಂಗ್ಲೆಂಡಿನಾದ್ಯಂತ ಜಾರಿಗೆ ಬಂತು. ಇದರಿಂದ ಮಾಲೀಕರು ತೊಂದರೆಯೇ ಬೇಡವೆಂದು ಪರದೇಶಿ ಹೆಸರಿನವರನ್ನು ದೂರವಿಡುತ್ತಿದ್ದಾರೆ ಎಂದು 2019ರಲ್ಲಿ ಲಂಡನ್ನಿನ ಹೈಕೋರ್ಟ್ ಅಭಿಪ್ರಾಯಪಟ್ಟಿತು. ಮರುವರ್ಷ ಮೇಲ್ಮನವಿ ನ್ಯಾಯಾಲಯ ಆ ನಿಯಮವನ್ನು ಎತ್ತಿಹಿಡಿಯಿತಾದರೂ ಕೆಲವು ಮಾಲೀಕರು ತಾರತಮ್ಯ ಮಾಡುವರೆಂಬುದನ್ನು ತಳ್ಳಿಹಾಕಲಿಲ್ಲ. ಗೋವಾ ಸೇರಿದಂತೆ ನಮ್ಮ ಹಲವು ರಾಜ್ಯಗಳು ಬಾಡಿಗೆದಾರರ ವಿವರವನ್ನು ಪೊಲೀಸರಿಗೆ ಕೊಡಬೇಕೆಂದು ಮಾಲೀಕರಿಗೆ ತಾಕೀತು ಮಾಡುತ್ತ ಬಂದಿವೆ. ಭದ್ರತೆಯ ಕಾಳಜಿ ಸಹಜವೇ. ಆದರೆ ಬಾಡಿಗೆದಾರನ ಹೆಸರು ಸರ್ಕಾರದ ಕಡತದಲ್ಲಿ ಮೊದಲು ದಾಖಲಾಗುವುದು ಪೊಲೀಸ್ ಠಾಣೆಯಲ್ಲಿ ಎಂದಾದರೆ ಅವನು ಹಕ್ಕುದಾರನಾಗಿ ಕಾಣಿಸುವುದಿಲ್ಲ, ಶಂಕಿತನಾಗಿ ಕಾಣಿಸುತ್ತಾನೆ. ಅದೇ ಹೆಸರು ಬಾಡಿಗೆ ಪ್ರಾಧಿಕಾರದಲ್ಲಿ ದಾಖಲಾದರೆ ಭದ್ರತೆಯ ಉದ್ದೇಶವೂ ಈಡೇರುತ್ತದೆ, ಹಕ್ಕೂ ಉಳಿಯುತ್ತದೆ.

ಇನ್ನು ನಮ್ಮ ಊರಿನ ಮಾತು. 1997ರಲ್ಲಿ ಜಿಲ್ಲಾ ಕೇಂದ್ರವಾದ ಗದಗ-ಬೆಟಗೇರಿ 2011ರ ಜನಗಣತಿಯಲ್ಲಿ ಸುಮಾರು 1.72 ಲಕ್ಷ ಜನರ ನಗರ. ಆ ಬಳಿಕ ಇಲ್ಲಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಬಂತು. ದೂರದ ಜಿಲ್ಲೆಗಳಿಂದ ಶುಶ್ರೂಷಕಿಯರು, ವಿದ್ಯಾರ್ಥಿಗಳು, ಬ್ಯಾಂಕಿನ ಕಿರಿಯ ನೌಕರರು ಇಲ್ಲಿಗೆ ಬಂದು ಮನೆ ಹುಡುಕುತ್ತಾರೆ. ‘ಯಾವ ಮಂದಿ? ಮನ್ಯಾಗ ಏನು ಅಡಗಿ ಮಾಡ್ತೀರಿ? ಲಗ್ನ ಆಗೇತೇನು?’ ಬಾಡಿಗೆಯ ಮಾತಿಗಿಂತ ಮೊದಲು ಬರುವುದು ಈ ಪ್ರಶ್ನೆಗಳು. ಒಂಟಿ ಹೆಣ್ಣುಮಗಳಿಗೆ, ದಲಿತರಿಗೆ, ಮುಸಲ್ಮಾನರಿಗೆ ಬಾಡಿಗೆಯ ಫಲಕ ತೂಗುತ್ತಿದ್ದರೂ ಮನೆ ಖಾಲಿ ಇಲ್ಲವಾಗುವುದು ನಾವೆಲ್ಲ ಬಲ್ಲ ಸಂಗತಿ. ಮ್ಯೂನಿಕ್‌ನಲ್ಲಿ ನಮ್ಮ ಹುಡುಗನ ಹೆಸರು ನೋಡಿ ಯಾರೋ ಉತ್ತರಿಸದೆ ಹೋದರೆ ಅದನ್ನು ವರ್ಣಭೇದವೆನ್ನುವ ನಾವು, ನಮ್ಮದೇ ಮಾಳಿಗೆಯ ಮೇಲಿನ ಖೋಲಿಯ ವಿಷಯದಲ್ಲಿ ಅದನ್ನು ‘ಪದ್ಧತಿ’ ಎನ್ನುತ್ತೇವೆ.

ಮಾಡಬಹುದಾದದ್ದು ಏನು? ಮೊದಲನೆಯದಾಗಿ, ಎರಡು ತಿಂಗಳ ಮುಂಗಡದ ಮಿತಿ ಮತ್ತು ಸರಳ ನೋಂದಣಿಯುಳ್ಳ ಬಾಡಿಗೆ ಕಾಯ್ದೆಯನ್ನು ರಾಜ್ಯ ರೂಪಿಸಬೇಕು. ಬಾಡಿಗೆದಾರನ ದಾಖಲೆಗೆ ಬೆಲೆ ಇದೆಯೆಂಬುದನ್ನು 2023ರ ಗೃಹಜ್ಯೋತಿ ಯೋಜನೆ ಈಗಾಗಲೇ ತೋರಿಸಿಕೊಟ್ಟಿದೆ. ಬಾಡಿಗೆ ಮನೆಯಲ್ಲಿರುವವರಿಗೂ ವಿದ್ಯುತ್ ರಿಯಾಯಿತಿ ಎಂದು ಘೋಷಿಸಿದಾಗ, ತಾವು ಆ ಮನೆಯಲ್ಲೇ ಇದ್ದೇವೆ ಎಂಬ ಪುರಾವೆಗಾಗಿ ಜನ ಹುಡುಕಾಡಬೇಕಾಯಿತು.

ಎರಡನೆಯದಾಗಿ, ಸರ್ಕಾರಿ ವಸತಿ ಯೋಜನೆಗಳ ಒಂದು ಪಾಲು ಬಾಡಿಗೆ ವಸತಿಗೆ ಮೀಸಲಾಗಬೇಕು. ಖಾಲಿ ಬಿದ್ದ ಸರ್ಕಾರಿ ಮನೆಗಳನ್ನು ವಲಸೆ ಕಾರ್ಮಿಕರಿಗೆ ಬಾಡಿಗೆಗೆ ಕೊಡುವ ಯೋಜನೆಯನ್ನು ಕೇಂದ್ರ 2020ರಲ್ಲಿ ಪ್ರಕಟಿಸಿತು. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ನಗರ ಆವಾಸ್ ಯೋಜನೆಯ ಎರಡನೆಯ ಹಂತದ ನಾಲ್ಕು ಅಂಗಗಳಲ್ಲಿ ಬಾಡಿಗೆ ವಸತಿಯೂ ಒಂದು. ನೆರೆಯ ಕೇರಳ 2019ರಲ್ಲಿ ಪಾಲಕ್ಕಾಡ್ ಜಿಲ್ಲೆಯ ಕಂಜಿಕೋಡ್‌ನಲ್ಲಿ ಹೊರರಾಜ್ಯಗಳ ಕಾರ್ಮಿಕರಿಗಾಗಿ ‘ಅಪ್ನಾ ಘರ್’ ವಸತಿಗೃಹವನ್ನು ತೆರೆಯಿತು. ಆರುನೂರಕ್ಕೂ ಹೆಚ್ಚು ಜನರಿಗೆ ಅಲ್ಲಿ ಸ್ಥಳಾವಕಾಶವಿದೆ. ಕಟ್ಟಡ ನಿರ್ಮಾಣದ ವೆಚ್ಚದ ಮೇಲೆ ಸಂಗ್ರಹವಾಗುವ ಸೆಸ್ ಹಣ ನಮ್ಮಲ್ಲಿಯೂ ಇದೆ. ಮಂಗಳೂರಿನಲ್ಲಿ, ಬೆಂಗಳೂರಿನ ಹೊರವಲಯದಲ್ಲಿ ಇಂಥ ವಸತಿಗೃಹಗಳು ಏಳಬಾರದೇಕೆ?

ಮೂರನೆಯದಾಗಿ, ಉದ್ಯೋಗದಾತನ ಹೊಣೆಯನ್ನು ನೆನಪಿಸಬೇಕು. ಅಂತರರಾಜ್ಯ ವಲಸೆ ಕಾರ್ಮಿಕರಿಗೆ ಗುತ್ತಿಗೆದಾರನು ತಕ್ಕ ವಸತಿ ಒದಗಿಸಬೇಕೆಂದು 1979ರ ಕಾಯ್ದೆಯೂ, ಕಟ್ಟಡ ಕಾರ್ಮಿಕರಿಗೆ ಕೆಲಸದ ಸ್ಥಳದಲ್ಲೋ ಸಮೀಪದಲ್ಲೋ ಉಚಿತ ತಾತ್ಕಾಲಿಕ ವಸತಿ ಕೊಡಬೇಕೆಂದು 1996ರ ಕಾಯ್ದೆಯೂ ಹೇಳಿದ್ದವು. ಸಂಸತ್ತು 2020ರಲ್ಲಿ ಅಂಗೀಕರಿಸಿದ ಕಾರ್ಮಿಕ ಸಂಹಿತೆ ಇವೆರಡನ್ನೂ ತನ್ನೊಳಗೆ ಸೇರಿಸಿಕೊಂಡಿತು. ಕಾಯ್ದೆಯ ಹೆಸರು ಬದಲಾದಾಗಲೆಲ್ಲ ಹಳೆಯ ಹೊಣೆ ಕಳಚಿಬೀಳದಂತೆ ನೋಡಿಕೊಳ್ಳುವುದು ರಾಜ್ಯಗಳ ಕಾರ್ಮಿಕ ಇಲಾಖೆಗಳ ಕೆಲಸ. ಈ ಕುರಿತು ಗೋವಾದೊಡನೆ ಕರ್ನಾಟಕ ಮಾತುಕತೆ ನಡೆಸಬೇಕಾದದ್ದು ಮನೆಗಳು ಬಿದ್ದ ಮೇಲಲ್ಲ, ಬೀಳುವ ಮುನ್ನ. ಪಡಿತರದ ವಿಷಯದಲ್ಲಿ ಇದು ಸಾಧ್ಯವಾಗಿದೆ. 2020ರ ಜನವರಿಯಿಂದ ಕರ್ನಾಟಕ, ಗೋವಾ ಎರಡೂ ‘ಒಂದು ದೇಶ ಒಂದು ಪಡಿತರ ಚೀಟಿ’ ವ್ಯವಸ್ಥೆಯಲ್ಲಿವೆ. ಮುಂಡರಗಿಯ ಚೀಟಿಗೆ ವಾಸ್ಕೋದಲ್ಲಿ ಅಕ್ಕಿ ಸಿಗುವುದಾದರೆ, ಆ ಅಕ್ಕಿಯನ್ನು ಬೇಯಿಸಿಕೊಳ್ಳಲು ಒಂದು ಒಲೆಯ ಜಾಗವೂ ಸಿಗುವಂತೆ ಮಾಡುವುದು ಅಸಾಧ್ಯವೇನಲ್ಲ.

ಸ್ವಂತ ಮನೆ ನಮ್ಮ ಸಮಾಜದ ದೊಡ್ಡ ಕನಸು. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯಲ್ಲೇ ಅದರ ಹೆಮ್ಮೆಯೂ ಹೈರಾಣವೂ ಇವೆ. ಬಾಡಿಗೆಯ ವಾಸವನ್ನು ಆ ಕನಸಿನ ಮೊದಲಿನ ತಾತ್ಕಾಲಿಕ ಕಷ್ಟವೆಂದಷ್ಟೇ ನಾವು ಕಾಣುತ್ತೇವೆ. ಆದರೆ ದುಡಿಮೆ ಒಂದು ಊರಿನಲ್ಲಿ ನಿಲ್ಲದ ಕಾಲವಿದು. ಬಡವನೂ ಸಾಫ್ಟ್‌ವೇರ್ ತಂತ್ರಜ್ಞನೂ ಬದುಕಿನ ಬಹುಭಾಗವನ್ನು ಬೇರೊಬ್ಬರ ಸೂರಿನಡಿ ಕಳೆಯುತ್ತಾರೆ. ಹೊರದೇಶದಲ್ಲಿರುವ ಮಗನಿಗೆ ಮರ್ಯಾದೆಯ ಬಾಡಿಗೆ ಮನೆ ಸಿಗಲೆಂದು ಹರಸುವ ತಂದೆತಾಯಿಯರೇ ಇಲ್ಲಿ ಖೋಲಿಗಳ ಮಾಲೀಕರು. ಅಲ್ಲಿ ಮಗನಿಗಾಗಿ ಅವರು ಬಯಸುವ ಕರಾರು, ರಸೀದಿ, ಮಿತಿಯ ಮುಂಗಡಗಳನ್ನು ಇಲ್ಲಿ ತಮ್ಮ ಬಾಡಿಗೆದಾರನಿಗೆ ಕೊಡಲು ಕಾಯ್ದೆ ಬರುವ ತನಕ ಕಾಯಬೇಕಾದ ಅಗತ್ಯವೂ ಇಲ್ಲ.